ಹೊಂಗೆ ಎಣ್ಣೆ ಕುಡಿದ ಪಂಪ್‌ಸೆಟ್

ನಾನಾಗ ಏಳನೇ ಕ್ಲಾಸು. ರುಡಾಲ್ಫ್ ಡೀಸೆಲ್ ಕಂಡುಹಿಡಿದ ಇಂಜಿನ್ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು ಎಂದು ಮೇಷ್ಟ್ರು ಹೇಳಿದ್ದೇ ತಡ, ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅಜ್ಜಿ ದೀಪಕ್ಕೆಂದು ಇಟ್ಟಿದ್ದ ಹೊಂಗೆ ಎಣ್ಣೆಯ ಡಬ್ಬ ಎತ್ತಿಕೊಂಡು ಹೋಗಿ, ತಾತನ ಡೀಸೆಲ್ ಪಂಪ್‌ಸೆಟ್ಟಿಗೆ ಸುರಿದೆ.

ಪಂಪು ಓಡಿತು! ಊರಿಗೆಲ್ಲ ಜಂಬ ಕೊಚ್ಚಿಕೊಂಡೆ. ಕದ್ದು ಕದ್ದು ದಿನವೂ ಸುರಿದೆ. ಹೊಗೆ ಮಾತ್ರ ದಿನದಿನಕ್ಕೆ ಕಪ್ಪಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಇಂಜಿನ್ ಕೆಮ್ಮಿ ನಿಂತೇಬಿಟ್ಟಿತು. ಮೆಕ್ಯಾನಿಕ್ ಬಿಚ್ಚಿದಾಗ ನಾಝಲ್ ಬಾಯಿಗೆ ಟಾರಿನಂಥ ಮಸಿ ಮೆತ್ತಿತ್ತು. ನೀರಿಲ್ಲದೆ ಟೊಮೆಟೊ ಸಸಿ ಒಣಗಿದವು. ಹಬ್ಬದ ಬಟ್ಟೆಗಿಟ್ಟ ದುಡ್ಡು ರಿಪೇರಿಗೆ ಹೋಯಿತು. ತಾತ ಹೊಡೆಯಲಿಲ್ಲ. "ಎಣ್ಣೆ ಹಾಕಿದ್ದಾಯ್ತು. ಯಾಕೆ ಕೆಟ್ಟಿತು ಅಂತ ತಿಳ್ಕೊಂಡು ಬಾ ಮಗಾ" ಅಂದರು, ಅಷ್ಟೇ.

ತಿಳಿದುಕೊಳ್ಳಲು ವರ್ಷಗಳೇ ಬೇಕಾದವು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಅದು ಗಾಳಿಯನ್ನು ಗಟ್ಟಿಯಾಗಿ ಅದುಮಿ ಕೆಂಡದಂತೆ ಕಾಯಿಸುತ್ತದೆ. ಆ ಬಿಸಿಗಾಳಿಗೆ ನಾಝಲ್ ಎಣ್ಣೆಯನ್ನು ಸಣ್ಣ ತುಂತುರಾಗಿ ಚಿಮ್ಮುತ್ತದೆ, ಹತ್ತಿಕೊಳ್ಳುತ್ತದೆ. ಹನಿ ದಪ್ಪವಿದ್ದರೆ ಅದರ ಒಳಗಿನ ಭಾಗಕ್ಕೆ ಗಾಳಿ ಸಿಗುವುದಿಲ್ಲ. ಅರೆಬೆಂದು ಮಸಿಯಾಗುತ್ತದೆ. ಬಸ್ಸಿನ ಹಿಂದೆ ನೀವು ಮೂಗು ಮುಚ್ಚಿಕೊಳ್ಳುವುದು ಈ ಮಸಿಗೇ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿದೆ.

ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ಹನಿ ಒಡೆಯಲಿಲ್ಲ, ನಾಝಲ್ ಕಟ್ಟಿತು. ತಪ್ಪು ಹೊಂಗೆಯದಲ್ಲ, ನನ್ನ ಅವಸರದ್ದು. ಅದೇ ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಹದ ಮಾಡಿದರೆ ಗ್ಲಿಸರಿನ್ ತಳಕ್ಕಿಳಿದು, ತೆಳ್ಳಗಿನ ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಅದನ್ನು ಬೆರೆಸಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳೂ ಓಡಿವೆ.

ಹನಿ ಒಡೆಯಲು ಇನ್ನೊಂದು ದಾರಿಯಿದೆ, ಕೇಳಿದರೆ ನಗುತ್ತೀರಿ: ನೀರು! ಬಿಸಿ ಎಣ್ಣೆಗೆ ಒದ್ದೆ ಕರಿಬೇವು ಬಿದ್ದಾಗ ಚಟಪಟ ಸಿಡಿಯುವುದಿಲ್ಲವೇ? ಡೀಸೆಲ್‌ನೊಳಗೆ ನೂರಕ್ಕೆ 10–15 ಪಾಲು ನೀರನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೆರೆಸುತ್ತಾರೆ. ಬೇರೆಯಾಗದಂತೆ ಸೋಪಿನಂಥ ವಸ್ತು ಸೇರಿಸುತ್ತಾರೆ. ಹಾಲಿನಲ್ಲಿ ಕೊಬ್ಬು ಬೆರೆತಿರುವ ಹಾಗೆ ಇದೂ ಒಂದು ಎಮಲ್ಷನ್. ಇಂಜಿನ್ನಿನ ಶಾಖಕ್ಕೆ ನೀರು ಡೀಸೆಲ್‌ಗಿಂತ ಮೊದಲೇ ಆವಿಯಾಗಿ ಸಿಡಿಯುತ್ತದೆ. ಸುತ್ತಲಿನ ಎಣ್ಣೆ ಹನಿ ಚೂರುಚೂರು! ಮಸಿ ತಗ್ಗುತ್ತದೆ. ಉರಿಯ ಬಿಸಿಯೂ ಇಳಿಯುವುದರಿಂದ ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಅನಿಲವೂ ಕಡಿಮೆ.

ಪುಕ್ಕಟೆ ಏನೂ ಇಲ್ಲ. ನೀರು ಉರಿಯುವುದಿಲ್ಲ, ಹಾಗಾಗಿ ಇಂಜಿನ್ನಿನ ಶಕ್ತಿ ತುಸು ಕುಗ್ಗುತ್ತದೆ. ಸರಿಯಾಗಿ ಬೆರೆಯದಿದ್ದರೆ ನೀರು ತಳಕ್ಕಿಳಿದು ತುಕ್ಕು ತರುತ್ತದೆ. ಆದ್ದರಿಂದ ಮಕ್ಕಳೇ, ಅಪ್ಪನ ಗಾಡಿಯ ಟ್ಯಾಂಕಿಗೆ ನೀರು ಹುಯ್ಯಬೇಡಿ! ಒಬ್ಬ ಪೆದ್ದ ಸಾಕು.

ಬದಲಿಗೆ ಹೀಗೆ ಮಾಡಿ. ಎರಡು ಬಾಟಲಿಯಲ್ಲಿ ನೀರು, ಸ್ವಲ್ಪ ಅಡುಗೆ ಎಣ್ಣೆ ಹಾಕಿ. ಒಂದಕ್ಕೆ ಮಾತ್ರ ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಬಿಡಿ. ಎರಡನ್ನೂ ಚೆನ್ನಾಗಿ ಕುಲುಕಿ ಇಟ್ಟು, ಯಾವುದು ಹೆಚ್ಚು ಹೊತ್ತು ಬೆಳ್ಳಗೆ ಉಳಿಯುತ್ತದೆ ನೋಡಿ.

ಉತ್ತರ ಹೊತ್ತು ನಾನು ಊರಿಗೆ ಹೋದಾಗ ತಾತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಾವಿಕಟ್ಟೆಯ ಹೊಂಗೆ ಮರ ನೋಡುತ್ತಾ ಅಂದರು: "ಹಾಗಾದ್ರೆ ಈ ಮರ ಕಡಿಯೋದು ಬೇಡ, ಬಿಡು."