ಗಾಜಿನ ಲೋಟಕ್ಕೆ ಮಣೆ, ಮಣ್ಣಿನ ಮಡಕೆಗೆ ಬೇಡಿ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬುದು ನಮ್ಮ ಹಿರಿಯರ ಮಾತು. ಈಗ ಅದಕ್ಕೊಂದು ಜೋಡಿ ಗಾದೆ ಹುಟ್ಟಬೇಕಾಗಿದೆ: ದ್ರಾಕ್ಷಿ ಚಪ್ಪರದ ಕೆಳಗೆ ಕುಳಿತು ಹೆಂಡವನ್ನೇ ಕುಡಿದರೂ ಜನ ಸಂಸ್ಕೃತಿಯೆನ್ನುತ್ತಾರೆ! ಬೆಂಗಳೂರಿನಲ್ಲಿ ದ್ರಾಕ್ಷಾರಸ ಉತ್ಸವವೆಂದರೆ ಚೆನ್ನೈಯಿಂದ ರೈಲು ಹತ್ತುವ ತರುಣ ತರುಣಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಲಂಡನ್ನಿನಲ್ಲಿ 2012ರಲ್ಲಿ ಆರಂಭವಾಗಿ ಬರ್ಲಿನ್, ನ್ಯೂಯಾರ್ಕ್ ನಗರಗಳಿಗೂ ಹಬ್ಬಿದ ‘ರಾ ವೈನ್’ ಮೇಳಕ್ಕೆ ಹೋಗಿ, ಅಲ್ಲಿಂದ ಚಿತ್ರ ಕಳುಹಿಸುವ ಮಕ್ಕಳೂ ಇದ್ದಾರೆ. ಅವರನ್ನು ಬೈಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅವರೂ, ಆ ಚಿತ್ರಗಳನ್ನು ನೆರೆಮನೆಯವರಿಗೆ ತೋರಿಸಿ ಹಿಗ್ಗುವ ನಾವೂ, ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ.

ಈ ಮೇಳಗಳಲ್ಲಿ ಕೊಂಡಾಡುವ ‘ಸಹಜ ವೈನ್’ ಎಂದರೆ ಏನು? ರಾಸಾಯನಿಕ ಗೊಬ್ಬರ, ಔಷಧಿ ಹಾಕದೆ ಬೆಳೆದ ದ್ರಾಕ್ಷಿ, ಕೈಯಿಂದಲೇ ಕೊಯ್ದದ್ದು, ಸಿಪ್ಪೆಯ ಮೇಲೂ ಗಾಳಿಯಲ್ಲೂ ಇರುವ ಹುದುಗಿನಿಂದ ತಾನಾಗಿ ಹುಳಿತದ್ದು, ಸಕ್ಕರೆಯಿಲ್ಲ, ಬಣ್ಣವಿಲ್ಲ, ಕೆಡದಿರಲೆಂದು ಹೆಚ್ಚೆಂದರೆ ಒಂದಿಷ್ಟು ಗಂಧಕದ ಲವಣ. 2020ರಲ್ಲಿ ಫ್ರಾನ್ಸಿನಲ್ಲಿ ಇಂಥ ವೈನಿಗೆಂದೇ ಪ್ರತ್ಯೇಕ ಮುದ್ರೆಯೂ ಬಂತು. ಒಳ್ಳೆಯದು. ಆದರೆ ಈ ಲಕ್ಷಣಗಳನ್ನು ಕೇಳಿದಾಗ ತಮಿಳುನಾಡಿನಲ್ಲಿ ಬಾಳುವ ನಮಗೆ ಬೇರೊಂದು ಪಾನೀಯ ನೆನಪಾಗಬೇಡವೇ?

ಈ ರಾಜ್ಯದ ರಾಜ್ಯವೃಕ್ಷವೇ ತಾಳೆ ಮರ. ಅದನ್ನು ಹತ್ತುವವನು ಬೆಳಿಗ್ಗೆ ಸಂಜೆ ಜೀವ ಕೈಯಲ್ಲಿ ಹಿಡಿದು ಮೇಲೇರಿ, ಹೂಗೊಂಚಲನ್ನು ತೆಳ್ಳಗೆ ಕೊಯ್ದು ಮಡಕೆ ಕಟ್ಟುತ್ತಾನೆ. ಮಡಕೆಯ ಒಳಗೆ ಸುಣ್ಣ ಸವರಿದರೆ ರಸ ಹುಳಿಯುವುದಿಲ್ಲ. ಅದೇ ಬೇಸಿಗೆಯಲ್ಲಿ ನಾವು ರಸ್ತೆಬದಿಯಲ್ಲಿ ಕುಡಿದು ತಣಿಯುವ ಪದನೀರು. ಸುಣ್ಣ ಸವರದಿದ್ದರೆ ಕೆಲವೇ ಗಂಟೆಗಳಲ್ಲಿ ತಾನಾಗಿ ಹುಳಿತು ಕಳ್ಳಾಗುತ್ತದೆ. ಸಕ್ಕರೆ ಬೆರೆಸುವವರಿಲ್ಲ, ಹುದುಗು ಹಾಕುವವರಿಲ್ಲ. ಇದಕ್ಕಿಂತ ಸಹಜವಾದ ಮದ್ಯ ಯಾವ ದೇಶದ ಮೇಳದಲ್ಲಿದೆ? ಆದರೂ 1987ರಿಂದ ತಮಿಳುನಾಡಿನಲ್ಲಿ ಕಳ್ಳಿಳಿಸುವುದು ಅಪರಾಧ. ಒಂದು ಚಿಟಿಕೆ ಸುಣ್ಣದ ಈಚೆ ವ್ಯಾಪಾರಿ, ಆಚೆ ಕೈದಿ!

ಮದ್ಯ ಕೆಟ್ಟದ್ದೆಂಬ ಕಾರಣಕ್ಕೆ ಈ ನಿಷೇಧ ಎನ್ನುವುದಾದರೆ ನಾವು ಕೈಮುಗಿದು ಸುಮ್ಮನಾಗುತ್ತಿದ್ದೆವು. ಆದರೆ ಕಳ್ಳಿನಲ್ಲಿರುವ ಮದ್ಯಸಾರ ನೂರಕ್ಕೆ ಸುಮಾರು 4ರಿಂದ 6, ವೈನಿನಲ್ಲಿ ಸಾಮಾನ್ಯವಾಗಿ 12ರಿಂದ 14, ಬ್ರಾಂದಿಯಲ್ಲಿ 42.8. ಬ್ರಾಂದಿಯನ್ನು ಸರ್ಕಾರಿ ಸಂಸ್ಥೆಯಾದ ಟಾಸ್ಮಾಕ್ 2003ರಿಂದ ತನ್ನದೇ ಅಂಗಡಿಗಳಲ್ಲಿ ಚಿಲ್ಲರೆಯಾಗಿ ಮಾರುತ್ತಿದೆ. ಬಲವಾದದ್ದಕ್ಕೆ ಅಂಗಡಿ, ನಡುವಿನದಕ್ಕೆ ಉತ್ಸವ, ದುರ್ಬಲವಾದದ್ದಕ್ಕೆ ಬೇಡಿ. ಇದು ಯಾವ ನ್ಯಾಯ?

ನಮ್ಮ ತವರು ನಾಡಿನ ಕಥೆಯೂ ಭಿನ್ನವಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಂಸಾರಗಳನ್ನು ಉರುಳಿಸಿದ ಸಾರಾಯಿ ಹೋದದ್ದಕ್ಕೆ ನಾವು ಸಂತೋಷಪಟ್ಟೆವು. ಅದೇ 2007ರಲ್ಲಿ ಅದೇ ರಾಜ್ಯ ವೈನ್ ನೀತಿಯನ್ನೂ ತಂದಿತು. ಮುಂದೆ ದ್ರಾಕ್ಷಿ ಮತ್ತು ವೈನ್ ಮಂಡಳಿಯೇ ಉತ್ಸವಗಳನ್ನು ನಡೆಸಿತು. ಅಂಥ ಒಂದು ಉತ್ಸವದಲ್ಲಿ ನಾವೂ ಸುತ್ತಾಡಿದ್ದೇವೆ. ಲೋಟವನ್ನು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಿ ಮೂಸಬೇಕು ಎಂಬ ಪಾಠ ಮಳಿಗೆ ಮಳಿಗೆಯಲ್ಲೂ ನಡೆದಿತ್ತು. ಕುಡಿತದ ಕೇಡಿನ ಮಾತು ಮಾತ್ರ ಎಲ್ಲಿಯೂ ನಮ್ಮ ಕಿವಿಗೆ ಬೀಳಲಿಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಾಗ ದ್ರಾಕ್ಷಿಗೆ ವಿನಾಯಿತಿ ಕೊಡಲಿಲ್ಲ.

ಕೆಲವರು ಕೇಳಬಹುದು: ವೈನಿನಿಂದ ರೈತನಿಗೆ ಲಾಭವಿಲ್ಲವೇ? ಇದೆ. ಕೋಲಾರ, ಚಿಕ್ಕಬಳ್ಳಾಪುರಗಳ ಬೆಂಗಳೂರು ನೀಲಿ ದ್ರಾಕ್ಷಿಯ ಬೆಳೆಗಾರನಿಗೆ ಬೆಲೆ ಸಿಗಲೇಬೇಕು. ಆದರೆ ಮರ ಹತ್ತುವ ತಮಿಳುನಾಡಿನ ನಾಡಾರ, ನಮ್ಮ ಈಡಿಗ, ಬಿಲ್ಲವ ಇವರು ದುಡಿಯುವವರಲ್ಲವೇ? ಕಳ್ಳಿಗೆ ಕಲಬೆರಕೆ ಮಾಡುತ್ತಾರೆ ಎಂಬ ಆಕ್ಷೇಪವೂ ಉಂಟು, ಅದು ಸುಳ್ಳಲ್ಲ. ಕಲಬೆರಕೆ ಮಾಡುವವನನ್ನು ಹಿಡಿಯಲಿ. ಹಾಲಿಗೆ ನೀರು ಬೆರೆಸುತ್ತಾರೆಂದು ಯಾವ ಸರ್ಕಾರವೂ ಹಸು ಕರೆಯುವುದನ್ನು ನಿಷೇಧಿಸಿಲ್ಲ. ಗಡಿಯಾಚೆ ಕೇರಳದಲ್ಲಿ, ನಮ್ಮವರಿರುವ ಕಾಸರಗೋಡಿನಲ್ಲೂ, ಪರವಾನಗಿ ಪಡೆದ ಕಳ್ಳಿನಂಗಡಿಗಳು ನಡೆಯುತ್ತಿವೆ.

ನಾವು ಕುಡಿತದ ಪಕ್ಷ ವಹಿಸುತ್ತಿಲ್ಲ. ಪೂರ್ಣ ಪಾನನಿರೋಧ ಬೇಕೆನ್ನುವವರ ಪ್ರಾಮಾಣಿಕತೆಗೆ ತಲೆಬಾಗುತ್ತೇವೆ. ಮನೆಮಾತು ಕನ್ನಡವಾಗಿದ್ದ ಈರೋಡಿನ ಪೆರಿಯಾರರು ಕಳ್ಳಿನ ವಿರುದ್ಧದ ಚಳವಳಿಯಲ್ಲಿ ತಮ್ಮ ತೋಟದ ನೂರಾರು ತೆಂಗಿನ ಮರಗಳನ್ನೇ ಕಡಿಸಿದರು. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು. ಒಬ್ಬರು ತಮ್ಮ ತೋಟವನ್ನೇ ತೆತ್ತರು, ಇನ್ನೊಬ್ಬರು ಬೊಕ್ಕಸಕ್ಕೆ ಬರುವ ವರಮಾನವನ್ನೇ ಬಿಟ್ಟರು. ಇಂದಿನವರು ಬಿಟ್ಟುಕೊಟ್ಟಿರುವುದು ಬಡವನ ಮಡಕೆಯನ್ನು ಮಾತ್ರ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೆ. ಮದ್ಯ ಬಲವಾದಷ್ಟೂ ಕಾನೂನು ಬಿಗಿಯಾಗಲಿ. ಹೆಸರು ನೋಡಿ ಬೇಡ. ಸರ್ಕಾರದ ದುಡ್ಡಿನಲ್ಲಿ ಯಾವ ಮದ್ಯಕ್ಕೂ ಉತ್ಸವ ಬೇಡ. ಮರ ಹತ್ತಿ ರಸ ಇಳಿಸುವ ಕಸುಬು ಅಪರಾಧವಾಗದಿರಲಿ.

ಇನ್ನು ನಮ್ಮ ಮನೆಗಳ ಮಾತು. ಆಳು ಕುಡಿದು ಬಂದರೆ ಕೆಲಸದಿಂದ ತೆಗೆಯುವವರು, ಅಳಿಯಂದಿರು ವೈನ್ ಶೀಸೆ ತಂದರೆ ಅದನ್ನು ಶೋಕೇಸಿನಲ್ಲಿಡುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನನ್ನು ಶರಣನೆಂದು ಪಕ್ಕದಲ್ಲಿ ಕೂರಿಸಿಕೊಂಡ ಪರಂಪರೆ ನಮ್ಮದು. ಜಿ. ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನ ಪದಗಳಿಗೆ ಚಪ್ಪಾಳೆ ಬೀಳದ ರಾಜ್ಯೋತ್ಸವವಿಲ್ಲ. ಮುಂದಿನ ನವೆಂಬರಿನಲ್ಲಿ ಚಪ್ಪಾಳೆ ತಟ್ಟುವ ಮುನ್ನ ನಮ್ಮನ್ನೇ ನಾವು ಕೇಳಿಕೊಳ್ಳೋಣ: ಆ ರತ್ನನೇ ಬಾಗಿಲಿಗೆ ಬಂದು ನಿಂತರೆ, ಒಳಗೆ ಬಾರಪ್ಪಾ ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ?