ತೆರಿಗೆ ನಮ್ಮದು, ಹಳಿ ಯಾರದು?

ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತು ಎದ್ದಾಗಲೆಲ್ಲ ಉತ್ತರ ಕನ್ನಡದಲ್ಲಿ ಎರಡು ಪಂಗಡಗಳಾಗುತ್ತವೆ. ರೈಲು ಬೇಕೆಂದವರು ಅಭಿವೃದ್ಧಿಯ ಪರ, ಬೇಡವೆಂದವರು ಅದರ ವೈರಿಗಳು. ಈ ಸುಲಭದ ವಿಂಗಡಣೆಯಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗುತ್ತದೆ: ಘಟ್ಟದ ಮೇಲಿನ ಜನ ನಿತ್ಯ ತೆರುವ ತೆರಿಗೆಗೆ ಪ್ರತಿಯಾಗಿ ಅವರಿಗೆ ದಕ್ಕಬೇಕಾದ ಸಾರಿಗೆ ಯಾವುದು?

1998ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆ ಹುಟ್ಟಿದ್ದು ಪ್ರಯಾಣಿಕರ ಕಷ್ಟ ಕಂಡಲ್ಲ. ಬಳ್ಳಾರಿ–ಹೊಸಪೇಟೆಯ ಅದಿರನ್ನು ಕರಾವಳಿಗೆ ಇಳಿಸುವುದಕ್ಕೆ. ಪ್ರಸ್ತಾವದ ಲೆಕ್ಕದಂತೆಯೇ ಸುಮಾರು 164 ಕಿ.ಮೀ. ಹಾದಿಗೆ 595 ಹೆಕ್ಟೇರಿಗೂ ಮಿಕ್ಕಿದ ಅರಣ್ಯ, ಎರಡು ಲಕ್ಷಕ್ಕೂ ಹೆಚ್ಚು ಮರಗಳು ಬಲಿಯಾಗಬೇಕು. ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2015ರಲ್ಲೇ ಇದು ಸಲ್ಲದೆಂದಿತು. ಆದರೂ 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆಯಿತ್ತಿತು. ಜೂನಿನಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಬೇಕಾಯಿತು.

ಸರಕು ಸಾಗಣೆಯಲ್ಲಿ ರೈಲು ಲಾರಿಗಿಂತ ಕಡಿಮೆ ಇಂಧನ ಬೇಡುತ್ತದೆ. ಬಯಲುಸೀಮೆಯಲ್ಲಿ ನಾನೂ ರೈಲಿನ ಪರ. ಆದರೆ ಘಟ್ಟ ಬಯಲಲ್ಲ. ರಸ್ತೆ ಏರುವ ಕಡಿದಾದ ಏರನ್ನು ರೈಲು ಏರಲಾರದು. ಗುಡ್ಡ ಸೀಳಬೇಕು, ಸುರಂಗ ಕೊರೆಯಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. 2018ರ ಮಳೆಗೆ ಅಲ್ಲಿ ಗುಡ್ಡ ಕುಸಿದು ರೈಲು ತಿಂಗಳುಗಟ್ಟಲೆ ನಿಂತಿತು. ನಮ್ಮ ಜಿಲ್ಲೆಯಲ್ಲೇ 2021ರಲ್ಲಿ ಯಲ್ಲಾಪುರದ ಕಳಚೆ, 2024ರಲ್ಲಿ ಅಂಕೋಲೆಯ ಶಿರೂರು ಕುಸಿದದ್ದನ್ನು ಕಂಡಿದ್ದೇವೆ. ಬೆಟ್ಟದ ಕಾಡು ಹೀರಿದ ಮಳೆಯೇ ಕಣಿವೆಯ ಅಡಿಕೆ ತೋಟಕ್ಕೆ ಬೇಸಿಗೆಯ ಒರತೆ. ಬೆಟ್ಟದ ಸೊಪ್ಪೇ ಅದರ ಗೊಬ್ಬರ. ಬೆಟ್ಟ ಸೀಳಿದವನು ತೋಟವನ್ನು ಉಳಿಸಲಾರ.

ಇನ್ನು ಬಸ್ಸಿನ ಮಾತು. ನಮ್ಮಲ್ಲಿ ಕಣಿವೆಗೊಂದು ಕೇರಿ, ತೋಟಕ್ಕೊಂದು ಮನೆ. ಯಲ್ಲಾಪುರಕ್ಕೆ ರೈಲು ನಿಲ್ದಾಣವೇ ಬಂದರೂ ಅಲ್ಲಿಗೆ ತಲುಪಲು ಬಸ್ಸೇ ಬೇಕು. ನಮ್ಮೂರಿನ ವಸತಿ ಬಸ್ಸಾದರೋ ಮಳೆಗಾಲದಲ್ಲಿ ಸೂಚನೆಯಿಲ್ಲದೆ ನಿಂತುಬಿಡುತ್ತದೆ. ಕಾಲೇಜಿನ ಹುಡುಗಿಯರು ಉಂಬಳದ ಹಾದಿಯಲ್ಲಿ ಕೆಸರು ತುಳಿಯುತ್ತ ಮುಖ್ಯರಸ್ತೆಗೆ ನಡೆಯುತ್ತಾರೆ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆ ಸ್ತುತ್ಯವೇ ಸರಿ. ಆದರೆ ಬಸ್ಸೇ ಬಾರದ ಊರಿನ ಹೆಂಗಸರಿಗೆ ಉಚಿತ ಟಿಕೇಟಿನಿಂದೇನು ಪ್ರಯೋಜನ?

ತೆರಿಗೆ ಮಾತ್ರ ಯಾವ ಊರನ್ನೂ ಮರೆಯುವುದಿಲ್ಲ. 2025ರ ಜನವರಿಯಲ್ಲಿ ಬಸ್ಸಿನ ದರ ಶೇ. 15ರಷ್ಟು ಏರಿತು, ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಶೇ. 18.44ರಿಂದ 21.17ಕ್ಕೆ ಹೋಯಿತು. ಬಸ್ಸಿಲ್ಲದೆ ಬಾಡಿಗೆ ಜೀಪು ಹತ್ತಿದವನೂ ಇದನ್ನು ತೆತ್ತೇ ಊರು ಸೇರುತ್ತಾನೆ. ಅಂದರೆ ಬಸ್ಸಿಗಾಗಿ ನಾವು ಆಗಲೇ ತೆರಿಗೆ ಕೊಟ್ಟಾಗಿದೆ; ಬಸ್ಸು ಬಂದಿಲ್ಲ, ಅಷ್ಟೆ. ಹಳ್ಳಿಯ ಬಸ್ಸು ನಷ್ಟದ ಬಾಬತ್ತು ಎನ್ನುವವರು, ಹಳಿಗೆ ಸಾವಿರಾರು ಕೋಟಿ ಸುರಿಯುವಾಗ ಲಾಭದ ಲೆಕ್ಕ ಕೇಳುವುದಿಲ್ಲವೇಕೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಡೀಸೆಲ್ ತೆರಿಗೆಯ ಒಂದು ಪಾಲನ್ನು ಗುಡ್ಡಗಾಡಿನ ಬಸ್ಸಿಗೆಂದೇ ತೆಗೆದಿಡಲಿ. ಇಕ್ಕಟ್ಟಿನ ರಸ್ತೆಗಳಿಗೆ ಸಣ್ಣ ಬಸ್ಸು ಬರಲಿ. ವಸತಿ ಬಸ್ಸು ಮಳೆಗಾಲದಲ್ಲೂ ಊರಲ್ಲೇ ತಂಗಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವಾಗಿ ಬರೆಯಿಸೋಣ. ಅದಿರಿಗೆ ದಾರಿ ಹುಡುಕುವ ಸರ್ಕಾರ ಮೊದಲು ಮನುಷ್ಯರಿಗೆ ದಾರಿ ತೋರಿಸಲಿ.