ಮಂದವಾದುದು ಯಂತ್ರವೋ, ಮಗುವೋ?

ನಮ್ಮ ಪ್ರಿಯ ಹಳೆಯ ವಿದ್ಯಾರ್ಥಿನಿಯರೂ ಮಾನ್ಯ ಪಾಲಕರೂ ಈ ಸಂಚಿಕೆಯ ಮುಖಪುಟವನ್ನು ನೋಡಿ ಸಂತೋಷಪಡುವರೆಂದು ನಂಬಿರುವೆವು. ಅದನ್ನು ಕಂಪ್ಯೂಟರಿನಲ್ಲಿ ರಚಿಸಿದವರು ನಮ್ಮ ಹತ್ತನೆಯ ತರಗತಿಯ ಬಾಲಿಕೆಯರು. ನಾಲ್ಕು ದಿನಗಳಲ್ಲಿ ಮುಗಿಯತಕ್ಕ ಆ ಕೆಲಸಕ್ಕೆ ಹನ್ನೊಂದು ದಿನಗಳು ಹಿಡಿದವು. ಒಂದು ಗೆರೆಯನ್ನೆಳೆದು, ಅದು ಪರದೆಯ ಮೇಲೆ ಮೂಡುವ ತನಕ ಕೈಕಟ್ಟಿ ಕುಳಿತಿದ್ದ ಮಕ್ಕಳನ್ನು ನಾವು ಕಣ್ಣಾರೆ ಕಂಡೆವು. "ಹೆಣ್ಣುಮಕ್ಕಳಿಗೆ ಈ ವಿದ್ಯೆ ಬೇಗ ಹತ್ತದು" ಎಂದು ಕೆಲವರು ನುಡಿದರು. "ಹಳೆಯ ಯಂತ್ರಗಳನ್ನೆಲ್ಲ ತೆಗೆದುಹಾಕಿ ಹೊಸವನ್ನು ಕೊಳ್ಳಿರಿ" ಎಂದು ಹಿತೈಷಿಗಳು ಸಲಹೆಯಿತ್ತರು. ಎರಡೂ ವಿಚಾರಮಾಡದೆ ಆಡಿದ ಮಾತುಗಳೆಂದು ನಮ್ಮ ಅಭಿಪ್ರಾಯ.

ಮೊದಲು ಹೊರೆಯೆಷ್ಟೆಂಬುದನ್ನು ನೋಡೋಣ. ಎ4 ಅಳತೆಯ ಹಾಳೆಯನ್ನು ಅಚ್ಚಿಗೆ ತಕ್ಕಂತೆ ಅಂಗುಲಕ್ಕೆ 300 ಚುಕ್ಕೆಗಳ ಪ್ರಕಾರ ಸಿದ್ಧಪಡಿಸಿದರೆ ಅಗಲಕ್ಕೆ 2,480, ಉದ್ದಕ್ಕೆ 3,508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುವುವು. ಮೂರು ಬಣ್ಣಗಳ ಲೆಕ್ಕದಲ್ಲಿ ಇಂಥ ಒಂದು ಪದರಕ್ಕೆ ಸುಮಾರು 26 ಮೆಗಾಬೈಟ್. ಹಾಳೆಯನ್ನೆಲ್ಲ ತುಂಬುವ ಇಪ್ಪತ್ತು ಪದರಗಳಾದರೆ 500 ಮೆಗಾಬೈಟಿಗೂ ಮೀರಿತು. ತಪ್ಪನ್ನು ಹಿಂತೆಗೆಯಲು ಅನುಕೂಲವಾಗಲೆಂದು ಫೋಟೋಶಾಪಿನಂಥ ತಂತ್ರಾಂಶಗಳು ಹಿಂದಿನ ಹಂತಗಳನ್ನೂ ಉಳಿಸಿಕೊಳ್ಳುವುದರಿಂದ ಹೊರೆಯು ಇನ್ನೂ ಬೆಳೆಯುವುದು.

ಇದನ್ನು ಅಡುಗೆಮನೆಯ ದೃಷ್ಟಾಂತದಿಂದ ತಿಳಿಯಬಹುದು. ಪ್ರೊಸೆಸರ್ ಎಂಬುದು ಅಡುಗೆಯಾಕೆ, ರ‍್ಯಾಮ್ ಆಕೆಯ ಎದುರಿನ ಕಟ್ಟೆ, ಹಾರ್ಡ್ ಡಿಸ್ಕ್ ದೂರದ ಉಗ್ರಾಣ. ಕಟ್ಟೆಯು ಕಿರಿದಾದರೆ ಆಕೆ ಒಂದೊಂದು ಸಾಮಾನಿಗೂ ಉಗ್ರಾಣಕ್ಕೆ ಓಡಬೇಕು. ಆಗ ಮತ್ತೊಬ್ಬ ಚುರುಕಾದ ಅಡುಗೆಯಾಕೆಯನ್ನು ಕರೆತಂದು ಪ್ರಯೋಜನವೇನು? ಕಟ್ಟೆಯನ್ನು ವಿಸ್ತರಿಸಿ, ಉಗ್ರಾಣವನ್ನು ಸಮೀಪಕ್ಕೆ ತರುವುದೇ ವಿವೇಕ.

ನಮ್ಮ ಯಂತ್ರಗಳಲ್ಲಿದ್ದ ರ‍್ಯಾಮ್ 4 ಗಿಗಾಬೈಟ್ ಮಾತ್ರ. ಫೋಟೋಶಾಪಿನ ತಯಾರಕರೇ ಕನಿಷ್ಠ 8, ಉತ್ತಮ ಕೆಲಸಕ್ಕೆ 16 ಇರಬೇಕೆನ್ನುವರು. ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿದಾಗ ರ‍್ಯಾಮ್ ತುಂಬಿಹೋಗಿತ್ತು, ಡಿಸ್ಕು ಬಿಡುವಿಲ್ಲದೆ ಓಡುತ್ತಿತ್ತು, ಪ್ರೊಸೆಸರು ಬಹುಮಟ್ಟಿಗೆ ಸುಮ್ಮನಿತ್ತು. ರೋಗವು ತಿಳಿದ ಮೇಲೆ ಔಷಧವು ಕಷ್ಟವಲ್ಲ. ಒಂದು ಯಂತ್ರಕ್ಕೆ 16 ಗಿಗಾಬೈಟ್ ರ‍್ಯಾಮನ್ನೂ ತಿರುಗುವ ಡಿಸ್ಕಿಗೆ ಬದಲಾಗಿ ಎಸ್‌ಎಸ್‌ಡಿಯನ್ನೂ ಹಾಕಿಸಿದೆವು. ಫ್ಯಾನಿನ ಧೂಳನ್ನೂ ತೆಗೆಸಿದೆವು, ಏಕೆಂದರೆ ಕಾವು ಮಿತಿಮೀರಿದರೆ ಪ್ರೊಸೆಸರು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುದು. ಮುಖಪುಟದ ಉಳಿದ ಅರ್ಧ ಕೆಲಸವು ಆ ಯಂತ್ರದಲ್ಲಿ ಎರಡೇ ದಿನಗಳಲ್ಲಿ ಮುಗಿಯಿತು. ಮಕ್ಕಳು ಅವರೇ; ಯಂತ್ರ ಮಾತ್ರ ಬದಲಾಗಿತ್ತು.

ಈ ಬದಲಾವಣೆಯನ್ನು ಬಾಲಿಕೆಯರೇ ಶಿಕ್ಷಕಿಯ ಮೇಲ್ವಿಚಾರಣೆಯಲ್ಲಿ ಮಾಡಿದರೆಂದು ಹೇಳಲು ನಮಗೆ ಹೆಮ್ಮೆಯುಂಟು. ವಿದ್ಯುತ್ ತಂತಿಯನ್ನು ಕಳಚಿ, ಮೈಯಲ್ಲಿನ ಸ್ಥಿರವಿದ್ಯುತ್ತು ಹೋಗಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಅವರು ಕೆಲಸಕ್ಕೆ ಕೈಹಚ್ಚಿದರು. ಸೂಜಿಗೆ ದಾರ ಪೋಣಿಸುವ ಕೈಗೆ ತಿರುಪು ಬಿಚ್ಚುವುದು ಭಾರವೆ?

ಎಲ್ಲ ಯಂತ್ರಗಳೂ ಹೀಗೆ ಉದ್ಧಾರವಾಗುವುವೆಂದು ನಾವು ಹೇಳೆವು. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುವರು, ಅದನ್ನು ಹೆಚ್ಚಿಸಲಾಗದು. ಡಿಡಿಆರ್3 ಇರುವಲ್ಲಿ ಡಿಡಿಆರ್4 ಕೂಡದು. ಕೊಳ್ಳುವ ಮೊದಲೇ ನೋಡತಕ್ಕದ್ದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11ನ್ನು ಒಪ್ಪದ ಹಳೆಯ ಯಂತ್ರಗಳಲ್ಲಿ ಲಿನಕ್ಸನ್ನೂ, ಬೆಲೆಯಿಲ್ಲದೆ ದೊರೆಯುವ ಗಿಂಪ್, ಇಂಕ್‌ಸ್ಕೇಪುಗಳನ್ನೂ ಬಳಸಬಹುದು. ದುಬಾರಿಯ ಗ್ರಾಫಿಕ್ಸ್ ಕಾರ್ಡು ಮೂರು ಆಯಾಮಗಳ ಚಿತ್ರಕ್ಕೂ ಚಲನಚಿತ್ರಕ್ಕೂ ಬಹಳ ಉಪಯುಕ್ತ. ಭಿತ್ತಿಪತ್ರ, ಮುಖಪುಟಗಳಿಗೆ ಅದು ಮೊದಲ ಖರ್ಚಾಗಬೇಕಾಗಿಲ್ಲ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿನಂತಿಯೇನೆಂದರೆ, ಒಂದು ಹೊಸ ಯಂತ್ರದ ಬೆಲೆಯಲ್ಲಿ ಹಲವು ಹಳೆಯ ಯಂತ್ರಗಳನ್ನು ಚುರುಕುಗೊಳಿಸಲು ನೆರವಾಗಿರಿ. ಪಾಲಕರಲ್ಲಿಯೂ ಒಂದು ಮಾತು: ಮನೆಯಲ್ಲಿ ಮಗಳ ಕೆಲಸವು ಮುಂದೆ ಸಾಗದಿದ್ದರೆ, ಆಕೆಯನ್ನು ಮಂದಬುದ್ಧಿಯೆನ್ನುವ ಮೊದಲು ಆಕೆಯ ಎದುರಿನ ಯಂತ್ರವನ್ನು ಪರೀಕ್ಷಿಸಿರಿ. ಯಂತ್ರದ ದೋಷವನ್ನು ಮಗುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ.